ಎರಡು ಭಾಷೆ ಆದ್ರೆ ಮಗುವಿಗೆ ಮಾತು ತಡ ಆಗುತ್ತಾ?

ಕಾರವಾರದಲ್ಲಿ ಮಗಳನ್ನು ಎತ್ತಿಕೊಂಡು ಯಾರ ಮನೆಗೆ ಹೋದರೂ ಮೊದಲು ಹಲ್ಲಿನ ವಿಚಾರಣೆ, ಆಮೇಲೆ ಮಾತಿನದು. ಅವಳಿಗೆ ಒಂದೂವರೆ ವರ್ಷವಾದಾಗ ಹೇಳಿಕೊಳ್ಳುವಂಥ ಮಾತೇನೂ ಬಂದಿರಲಿಲ್ಲ. ಅಷ್ಟು ಕೇಳಿದ್ದೇ ತಡ, ಕಾರಣವನ್ನೂ ಅವರೇ ಹೇಳಿಬಿಡುತ್ತಿದ್ದರು. "ನೀನು ಶಿರಸಿಯವಳು, ಕನ್ನಡದಲ್ಲಿ ಮಾತಾಡ್ತೀಯ. ಗಂಡ, ಅತ್ತೆ ಕೊಂಕಣಿ. ಮಗು ಪಾಪ ಯಾವುದನ್ನು ಅಂತ ಕಲಿಯಬೇಕು?" ಈಗ ಅವಳಿಗೆ ಎರಡು ದಾಟಿದೆ, ಬಾಯಿಗೆ ಬಿಡುವೇ ಇಲ್ಲ. ಆದರೂ ಪ್ರಶ್ನೆ ನಿಂತಿಲ್ಲ. ಹೊಸದಾಗಿ ತಾಯಂದಿರಾದ ಗೆಳತಿಯರು ಫೋನ್ ಮಾಡಿ ಅದನ್ನೇ ಕೇಳುತ್ತಾರೆ. ಸದ್ಯಕ್ಕೆ ಒಂದೇ ಭಾಷೆ ಸಾಕಾ?

ನನ್ನ ಉತ್ತರ ಇಷ್ಟೇ. ಭಾಷೆ ಬಿಡಬೇಡಿ, ಕಿವಿ ತೋರಿಸಿ.

ಈ ಊರಿನಲ್ಲಿ ಒಂದೇ ಭಾಷೆಯಲ್ಲಿ ಬೆಳೆದವರನ್ನು ಹುಡುಕುವುದೇ ಕಷ್ಟ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ, ಕಚೇರಿಯಲ್ಲಿ ಕನ್ನಡ. 1956ರವರೆಗೆ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಹಾಗಾಗಿ ಹಳಬರ ಬಾಯಲ್ಲಿ ಮರಾಠಿಯೂ ಉಂಟು. ನೌಕಾನೆಲೆ ಬಂದ ಮೇಲೆ ಹಿಂದಿಯೂ ಸೇರಿಕೊಂಡಿದೆ. ನಮ್ಮ ಮಾವ ಮೀನು ಪೇಟೆಯಲ್ಲಿ ಕೊಂಕಣಿಯಲ್ಲಿ ಚೌಕಾಸಿ ಮಾಡುತ್ತಾರೆ, ಬ್ಯಾಂಕಿನಲ್ಲಿ ಕನ್ನಡದಲ್ಲಿ ಜಗಳ ಆಡುತ್ತಾರೆ, ಸಂಜೆ ಮರಾಠಿ ಅಭಂಗ ಹಾಡುತ್ತಾರೆ. ಎರಡು ಭಾಷೆ ಮಗುವಿಗೆ ಭಾರ ಅಂತ ನನಗೆ ಹೇಳಿದವರಲ್ಲಿ ಅವರೂ ಒಬ್ಬರು!

ಎರಡು ಭಾಷೆ ಕೇಳಿ ಬೆಳೆಯುವ ಮಕ್ಕಳು ಮೊದಲ ಮಾತು ಆಡುವುದೂ ಹೆಚ್ಚುಕಡಿಮೆ ಉಳಿದ ಮಕ್ಕಳ ವಯಸ್ಸಿಗೇ. ಒಂದೊಂದು ಭಾಷೆಯಲ್ಲಿ ಪದ ಕಡಿಮೆ ಕಾಣಬಹುದು. ಎರಡನ್ನೂ ಕೂಡಿಸಿ ಎಣಿಸಬೇಕು. ನಾವು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆಯತೊಡಗಿದೆವು. ನನಗೆ ಸಿಕ್ಕಿದ್ದು "ಬಾ" ಮತ್ತು "ಹಾಲು". ಅತ್ತೆಗೆ ಸಿಕ್ಕಿದ್ದು "ನಾಕಾ", ಅಂದರೆ ಕೊಂಕಣಿಯಲ್ಲಿ ಬೇಡ. ನಾಯಿ ಕಂಡರೆ "ಬೌ" ಅನ್ನುವುದನ್ನೂ ಪದ ಅಂತಲೇ ಲೆಕ್ಕ ಹಿಡಿಯಬೇಕಂತೆ, ಯಾವಾಗಲೂ ಅದೇ ಅರ್ಥಕ್ಕೆ ಬಳಸುತ್ತಿದ್ದರೆ.

ಕಾಯುವುದಕ್ಕೂ ಒಂದು ಮಿತಿ ಇದೆ ಅನ್ನಿ. ಒಂದು ವರ್ಷಕ್ಕೆ ಬಾಬಾ ದಾದಾ ಅನ್ನುವ ತೊದಲೂ ಇಲ್ಲ, ಬೆರಳು ಮಾಡಿ ತೋರಿಸುವುದೂ ಇಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಬೇಕು. 16 ತಿಂಗಳಿಗೆ ಒಂದೂ ಪದ ಇಲ್ಲದಿದ್ದರೂ ಹೋಗಬೇಕು, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೂ ಹೋಗಬೇಕು. ಬಂದ ಮಾತು ನಿಂತುಹೋದರಂತೂ ಯಾವ ವಯಸ್ಸಾದರೂ ಸರಿ, ಕಾಯಬಾರದು. "ಅವರಪ್ಪನೂ ಲೇಟೇ" ಅನ್ನುವ ಸಮಾಧಾನ ಆಮೇಲೆ ಹೇಳಿಕೊಂಡರಾಯಿತು.

ಇನ್ನು ಕಿವಿಯ ವಿಷಯ. ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಮಕ್ಕಳ ಮೂಗೂ ಒಣಗುವುದಿಲ್ಲ. ಈ ವಯಸ್ಸಿಗೆ ವರ್ಷಕ್ಕೆ ಆರೆಂಟು ನೆಗಡಿ ಮಾಮೂಲಿ. ಮಗಳಿಗೆ ಒಂದು ನೆಗಡಿ ಹೋಗುವ ಮೊದಲೇ ಇನ್ನೊಂದು. ಅದರ ನಡುವೆ ನನಗೊಂದು ವಿಚಿತ್ರ ಕಂಡಿತು. ಕುಕ್ಕರ್ ಸೀಟಿ ಹೊಡೆದರೆ ಬೆಚ್ಚಿಬೀಳುತ್ತಾಳೆ. ಅಂಗಳದ ತಗಡಿನ ಮೇಲೆ ತೆಂಗಿನ ಮಡಲು ಬಿದ್ದರೆ ಓಡಿ ಬಂದು ಕಾಲು ಹಿಡಿಯುತ್ತಾಳೆ. ಆದರೆ ಬೆನ್ನ ಹಿಂದೆ ಕೂತು ಮೆಲ್ಲಗೆ ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಬಿಸ್ಕತ್ತಿನ ಪೊಟ್ಟಣ ಪರಪರ ಅನ್ನಿಸಿದರೂ ಇಲ್ಲ! ಬಿಸ್ಕತ್ತಿಗೂ ತಿರುಗದ ಮಗು ಅಂದರೆ ಏನೋ ಇದೆ ಅನ್ನಿಸಿತು. ಮನೆಯವರಿಗೆ ಹೇಳಿದರೆ, "ಕುಕ್ಕರಿಗೆ ಬೆಚ್ಚಿದಳಲ್ಲ, ಕಿವಿ ಸರಿಯೇ ಇದೆ" ಅಂದರು. ಹುಟ್ಟಿದಾಗ ಮಾಡಿದ ಕಿವಿ ಪರೀಕ್ಷೆಯಲ್ಲೂ ಎಲ್ಲ ಸರಿಯಿತ್ತು ನಿಜ. ಆದರೆ ಅದು ಹುಟ್ಟಿದಾಗಿನ ಮಾತು. ದೊಡ್ಡ ಸದ್ದು ಕೇಳುವುದು ಬೇರೆ, ಮಾತಿನ ಸಣ್ಣ ಸಣ್ಣ ಸದ್ದು ಬಿಡಿಸಿ ಕೇಳುವುದು ಬೇರೆ.

ಮಕ್ಕಳ ಡಾಕ್ಟರು ದೀಪದ ಕೊಳವೆ ಇಟ್ಟು ಎರಡೂ ಕಿವಿ ನೋಡಿದರು. ಕಿವಿ ತಮಟೆಯ ಹಿಂದೆ ನೀರು ನಿಂತಿದೆ ಅಂದರು. ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಳಿಕೆ ಮಕ್ಕಳಲ್ಲಿ ಗಿಡ್ಡ, ಇಳಿಜಾರೂ ಕಡಿಮೆ. ನೆಗಡಿಯಾದಾಗ ಅದು ಊದಿ ಮುಚ್ಚಿಕೊಳ್ಳುತ್ತದೆ, ಒಳಗಿನ ನೀರು ಹೊರಗೆ ಹೋಗುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ಮಗು ಅಳುವುದೂ ಇಲ್ಲ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಹೊಳೆಯಲ್ಲಿ ಮುಳುಗು ಹಾಕಿದಾಗ ದಡದವರ ಮಾತು ಕೇಳುತ್ತದಲ್ಲ, ಮಗುವಿಗೆ ನಮ್ಮ ಮಾತು ಹೆಚ್ಚುಕಡಿಮೆ ಹಾಗೆ.

ಔಷಧ ಏನೂ ಕೊಡಲಿಲ್ಲ. ಇದಕ್ಕೆ ಆಂಟಿಬಯಾಟಿಕ್ ಬೇಡವಂತೆ. ಹೆಚ್ಚಿನ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನೇ ಹೋಗುತ್ತದೆ. ಹೋಗದಿದ್ದರೆ ಶ್ರವಣ ಪರೀಕ್ಷೆ, ಕೆಲವರಿಗೆ ತಮಟೆಯಲ್ಲಿ ಪುಟ್ಟ ನಳಿಕೆ ಕೂರಿಸುತ್ತಾರೆ. ಅಲ್ಲಿಯವರೆಗೆ ಟಿವಿ ಬಂದ್ ಮಾಡಿ, ಎದುರಿಗೆ ಕೂತು, ಮುಖ ಕಾಣುವಂತೆ ಮಾತಾಡಿ ಅಂದರು. ಯಾವ ಭಾಷೆಯಲ್ಲಿ ಅಂತ ಕೇಳಿದೆ. "ನಿಮಗೆ ಯಾವುದು ಸಲೀಸೋ ಅದರಲ್ಲಿ" ಅಂದರು. ನವರಾತ್ರಿ ಹೊತ್ತಿಗೆ ಕಿವಿ ಸರಿಹೋಗಿತ್ತು. ದೀಪಾವಳಿಯ ಸುಮಾರಿಗೆ ಒಂದು ಮಧ್ಯಾಹ್ನ ಲೋಟ ನೆಲಕ್ಕೆ ಕುಟ್ಟುತ್ತ "ಉದಾಕ್ ಬೇಕು" ಅಂದಳು. ನೀರು ಅತ್ತೆಯದು, ಬೇಕು ನನ್ನದು. ಕಿವಿ ಸರಿಹೋಗಿದ್ದಕ್ಕೇ ಮಾತು ಬಂತು ಅಂತ ನಾನು ಹೇಳುವುದಿಲ್ಲ, ವಯಸ್ಸೂ ಆಗಿತ್ತಲ್ಲ. ಆದರೆ ಕೇಳಿಸದೆ ಇದ್ದರೆ ಒಂದು ಭಾಷೆಯೂ ಕಷ್ಟವೇ.

ಈ ನಡುವೆ ಮನೆಮದ್ದಿನ ಒತ್ತಾಯವೂ ಇತ್ತು. ಬಜೆ ತೇಯ್ದು ನೆಕ್ಕಿಸಿದರೆ ನಾಲಿಗೆ ತಿರುಗುತ್ತದೆ ಅಂತ ಶಿರಸಿಯಿಂದ ಆಯಿ, ಅಂದರೆ ನನ್ನ ಅಮ್ಮ, ಬಜೆ ಬೇರು ಕಳಿಸಿದಳು. ಬಜೆಯ ಎಣ್ಣೆ ಇಲಿಗಳಲ್ಲಿ ಕ್ಯಾನ್ಸರ್ ಗೆಡ್ಡೆ ತಂದಿತೆಂದು ಅಮೆರಿಕದಲ್ಲಿ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿದ್ದಾರೆ. "ಒಂದು ಗೆರೆ ತೇಯ್ದರೆ ಏನಾಗ್ತು?" ಅಂತ ಆಯಿಯ ವಾದ. ಏನೂ ಆಗದಿರಬಹುದು, ಮಾತು ಬರುವುದೂ ಇಲ್ಲ. ಬೇರು ದೇವರ ಗೂಡಿನಲ್ಲಿದೆ, ಆಯಿಗೆ ಬೇಜಾರಿಲ್ಲ. ಅತ್ತೆಯದು ಕಿವಿಗೆ ಬೆಚ್ಚಗಿನ ತೆಂಗಿನೆಣ್ಣೆ ಬಿಡುವ ಪದ್ಧತಿ. ಮೈಗೆ, ತಲೆಗೆ ಎಷ್ಟು ಬೇಕಾದರೂ ಹಚ್ಚಿ, ಕಿವಿಯೊಳಗೆ ಮಾತ್ರ ಬೇಡ ಅಂದೆ. ಕೆಮ್ಮಿನ ಸಿರಪ್ಪೂ ಬೇಡ. ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧ ಬರೆಯಬಾರದು ಅಂತ 2025ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಸೂಚನೆ ಕೊಟ್ಟಿದೆ. ಮೂಗು ಕಟ್ಟಿದರೆ ಉಪ್ಪುನೀರಿನ ಡ್ರಾಪ್ಸ್ ಸಾಕು. ಮೊಬೈಲಿನಲ್ಲಿ ಹಾಡು ಹಾಕಿಕೊಟ್ಟರೆ ಮಾತು ಕಲಿಯುತ್ತದೆ ಅನ್ನುವವರೂ ಇದ್ದಾರೆ. ಭಾರತದ ಮಕ್ಕಳ ವೈದ್ಯರ ಸಂಘ ಎರಡರೊಳಗೆ ಪರದೆಯೇ ಬೇಡ ಅನ್ನುತ್ತದೆ, ನೆಂಟರ ಜೊತೆ ವಿಡಿಯೋ ಕಾಲ್ ಒಂದನ್ನು ಬಿಟ್ಟು. ಆಯಿಗೆ ಇದು ಬಹಳ ಇಷ್ಟವಾಯಿತು.

ಡಾಕ್ಟರು "ಸ್ವಲ್ಪ ದಿನ ಕಾಯಿರಿ" ಅಂದರೆ, ಕಿವಿಯೊಳಗೆ ನೋಡಿಯೇ ಹಾಗಂದರಾ ಅಂತ ಗಮನಿಸಿ. ನೋಡಿಲ್ಲದಿದ್ದರೆ ನೋಡಿ ಅಂತ ಕೇಳುವುದರಲ್ಲಿ ಸಂಕೋಚವೇನೂ ಬೇಡ. ದೊಡ್ಡ ಪರೀಕ್ಷೆ ಬೇಕಾದರೆ ನಮ್ಮ ಕಡೆಯವರು ಸಾಮಾನ್ಯವಾಗಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುತ್ತಾರೆ. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆಯೇ ಇದೆ. ನಮಗೆ ಅದು ಬೇಕಾಗಲಿಲ್ಲ, ನಾದಿನಿ ತನ್ನ ಮಗನನ್ನು ಹುಬ್ಬಳ್ಳಿಗೆ ಕರೆದೊಯ್ದಿದ್ದಳು. ಸದ್ದಿಗೆ ಕಿವಿಯ ನರ, ಮಿದುಳು ಸ್ಪಂದಿಸುತ್ತವೆಯೇ ಅಂತ ನೋಡುವ ಬೇರಾ ಅನ್ನುವ ಆ ಪರೀಕ್ಷೆಯನ್ನು ಮಗು ನಿದ್ದೆಯಲ್ಲಿದ್ದಾಗ ಮಾಡುತ್ತಾರೆ. ಹಾಗಾಗಿ ದಾರಿಯಲ್ಲಿ ಮಲಗಲು ಬಿಡಬೇಡಿ ಅಂತ ಮೊದಲೇ ಹೇಳಿ ಕಳಿಸುತ್ತಾರೆ. ಹುಬ್ಬಳ್ಳಿ ದಾರಿಯ ಅರಬೈಲು ಘಟ್ಟದ ತಿರುವುಗಳಲ್ಲಿ ಮಗುವನ್ನು ಎಚ್ಚರವಾಗಿಡುವುದು ಹೇಗೆ ಅಂತ ಮಾತ್ರ ನನ್ನನ್ನು ಕೇಳಬೇಡಿ, ನಾದಿನಿಯನ್ನು ಕೇಳಿ.