ಅರಗು ತೆಗೆದ ಮೇಲೆ ದೇವರ ತೂಕ

ದೀಪಾವಳಿ ಅಮಾವಾಸ್ಯೆಗೆ ದೇವರನ್ನು ತರೋಕೆ ಬ್ಯಾಂಕಿಗೆ ಹೋಗಿದ್ದೆ. ಹೌದು, ಬ್ಯಾಂಕಿಗೇ. ನಮ್ಮ ಮನೆದೇವರು ವೀರಭದ್ರನ ಬೆಳ್ಳಿ ಮುಖ ಲಾಕರ್‌ನಲ್ಲಿದೆ. ರಿಜಿಸ್ಟರ್‌ನಲ್ಲಿ ಸಹಿ ಹಾಕಿ, ಎರಡು ಕೀಲಿ ತಿರುಗಿಸಿ, ಹೆಂಡತಿಯ ಬಳೆ ಮತ್ತು ಹೊಲದ ಕಾಗದಗಳ ಅಡಿಯಿಂದ ದೇವರನ್ನು ಎತ್ತಿಕೊಂಡೆ. ವರ್ಷಕ್ಕೆ ಎರಡು ಸಲ ಅವನು ಹೊರಗೆ ಬರ್ತಾನೆ, ಉಳಿದ ದಿನವೆಲ್ಲ ಕತ್ತಲು. ಕೊಪ್ಪಳದ ಪೇಟೆಯಲ್ಲಿ ಬೈಕ್ ಓಡಿಸುವಾಗ ಯಾರಾದರೂ ಕಿತ್ತುಕೊಂಡು ಹೋದಾರು ಅಂತ ಬ್ಯಾಗನ್ನು ಎದೆ ಮೇಲೆ ಹಾಕಿಕೊಂಡಿದ್ದೆ.

ಇದು ಹೊಸ ಮುಖ. ನನ್ನ ಸಂಬಳದಲ್ಲಿ ಮಾಡಿಸಿದ್ದು. ಹಳೆಯದು ಹೋದದ್ದು 2003ರ ಬರದಲ್ಲಿ.

ಆಗ ನಾನು ಏಳನೇ ಕ್ಲಾಸು. ಬೋರಿನ ಮೋಟಾರ್ ಸುಟ್ಟಿತ್ತು, ರಿವೈಂಡಿಂಗ್ ಮಾಡಿಸೋಕೆ ಕೈಯಲ್ಲಿ ದುಡ್ಡಿಲ್ಲ. ಅಪ್ಪ ಒಂದು ಬೆಳಿಗ್ಗೆ ದೇವರ ಜಗಲಿ ಮೇಲಿನ ಮುಖವನ್ನು ಟವೆಲ್‌ನಲ್ಲಿ ಸುತ್ತಿಕೊಂಡು ನನ್ನನ್ನೂ ಕರೆದುಕೊಂಡು ಬಸ್ ಹತ್ತಿದರು. ಒತ್ತೆ ಇಡೋಕೆ ಅಂತ ಹೋಗಿದ್ದು, ಒತ್ತೆಗೆ ಕೊಡುವ ದುಡ್ಡು ಸಾಲಲ್ಲ ಅಂತ ಕೊನೆಗೆ ಮಾರಿಯೇ ಬಂದರು. ಬೆಳ್ಳಿ ಅಂಗಡಿಯವನು ತಕ್ಕಡಿಗೆ ಹಾಕುವ ಮೊದಲು ಹಿಂದೆ ತಿರುಗಿಸಿ ನೋಡಿ, 'ಒಳಗ ಅರಗು ತುಂಬ್ಯಾರ, ತಗದ ತೂಗಬೇಕು' ಅಂದ. ಇಂಥ ಮುಖಗಳು ತೆಳ್ಳನೆ ತಗಡು, ಆಕಾರ ನಿಲ್ಲಲಿ ಅಂತ ಒಳಗೆ ಅರಗು ತುಂಬಿರ್ತಾರೆ. ನಂಗೆ ಅದು ಗೊತ್ತಿರಲಿಲ್ಲ. ಇದ್ದಿಲ ಬೆಂಕಿ ಮೇಲೆ ಹಿಡಿದ. ಮೀಸೆಯ ಒಂದು ತುದಿ ಮೆಲ್ಲಗೆ ಮುದುಡಿತು, ಕಪ್ಪು ಅರಗು ಕರಗಿ ತೊಟ್ಟು ತೊಟ್ಟಾಗಿ ತಗಡಿನ ಡಬ್ಬಿಗೆ ಬಿತ್ತು, ಆಮೇಲೆ ತಕ್ಕಡಿಯಲ್ಲಿ ಕೂತದ್ದು ನಾವು ಎಣಿಸಿದ್ದಕ್ಕಿಂತ ಎಷ್ಟೋ ಕಡಿಮೆ. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ.

ಅಜ್ಜಿ ಅಳ್ತಾಳೆ ಅಂದುಕೊಂಡಿದ್ದೆ. ದಿನಾ ಅದಕ್ಕೆ ವಿಭೂತಿ ಹಚ್ಚಿ ಹೂ ಏರಿಸುತ್ತಿದ್ದವಳು ಅವಳೇ. 'ಯವ್ವಾ, ಕೊಟ್ಟ ಬಂದೆ' ಅಂತ ಅಪ್ಪ ಅಂದಾಗ ಅವಳು ಕೇಳಿದ್ದು ಇಷ್ಟು: 'ತೂಕ ಬರೋಬರಿ ಹಾಕ್ಯಾನೇನು ಅಂವ?'

ಇದಾಗಿ ಎಷ್ಟೋ ವರ್ಷ ಕಳೆದು, ಪಿಯುಸಿಯಲ್ಲಿ ಬಸವಣ್ಣನ ವಚನ ಓದಿದೆ. 'ಅರಗು ತಿಂದು ಕರಗುವ ದೈವವನೆಂತು ಸರಿಯೆಂಬೆನಯ್ಯಾ? ಉರಿಯ ಕಂಡಡೆ ಮುರುಟುವ ದೈವವನೆಂತು ಸರಿಯೆಂಬೆನಯ್ಯಾ?' ಕ್ಲಾಸಿನಲ್ಲಿ ಉಳಿದವರು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದರು. ನನಗೆ ಮಾತ್ರ ಆ ಡಬ್ಬಿ, ಆ ಮೀಸೆ ಕಣ್ಣ ಮುಂದೆ ಬಂತು. 12ನೇ ಶತಮಾನದವನಿಗೆ ನಮ್ಮ ಮನೆ ವಿಷಯ ಯಾರು ಹೇಳಿದರು? ಮುಂದಿನ ಸಾಲಲ್ಲಿ ಅವಸರ ಬಂದರೆ ಮಾರುವ ದೈವ, ಅದೂ ನಮ್ಮದೇ. ಅದರ ಮುಂದೆ ಅಂಜಿಕೆಯಾದರೆ ಹೂಳುವ ದೈವ. ಇದೊಂದು ನಮಗಲ್ಲ ಅಂದುಕೊಂಡಿದ್ದೆ. ಈಗ ಲಾಕರ್ ಬಾಡಿಗೆ ಕಟ್ಟುವಾಗೆಲ್ಲ ನೆನಪಾಗುತ್ತೆ.

ಬಳ್ಳಾರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಕ್ರೈಸ್ತ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಬೈಬಲ್ಲಿನಲ್ಲಿ ಯೆಶಾಯನ 46ನೇ ಅಧ್ಯಾಯ ತೆಗೆದು ಕೊಟ್ಟ. (ಬೈಬಲ್ಲು ಕನ್ನಡಕ್ಕೆ ಬರುವ ಕೆಲಸ ನಡೆದದ್ದೂ ಬಳ್ಳಾರಿಯಲ್ಲೇ. 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಕೂತು ಮಾಡಿದ್ದು.) ಬಾಬಿಲೋನಿನ ದೇವರುಗಳಾದ ಬೇಲ್ ಮತ್ತು ನೆಬೋನ ವಿಗ್ರಹಗಳನ್ನು ದನಗಳ ಮೇಲೆ ಹೇರಿಕೊಂಡು ಹೋಗ್ತಾರೆ, ದನ ದಣಿದು ಬಗ್ಗುತ್ತವೆ, ಆ ದೇವರುಗಳೂ ಸೆರೆಗೆ ಹೋಗ್ತಾವೆ. ಅದರ ಬೆನ್ನಿಗೇ ದೇವರು ತನ್ನ ಜನಕ್ಕೆ, ನೀವು ಹುಟ್ಟಿದಾಗಿನಿಂದ ನಿಮ್ಮನ್ನು ಹೊತ್ತವನು ನಾನು, ನಿಮ್ಮ ಕೂದಲು ನೆರೆತರೂ ಹೊರುವವನು ನಾನೇ ಅನ್ನುತ್ತಾನೆ. ನಾನು ಬ್ಯಾಗ್ ಎದೆಗೆ ಹಾಕಿಕೊಂಡು ಬೈಕ್ ಓಡಿಸಿದ್ದು ನೆನಪಾಗಿ ಸುಮ್ನಾದೆ. ಆ ದನ ನಾನೇ ಅಲ್ವಾ?

ಹಾಗಾದ್ರೆ ಕೊರಳಿಗೆ ಕಟ್ಟಿಕೊಂಡ ಲಿಂಗವೂ ಒಂದು ವಸ್ತುವೇ ತಾನೇ ಅಂತ ನೀವು ಕೇಳಬಹುದು. ಕೇಳಲೇಬೇಕು. ಶರಣರು ಅದನ್ನು ಕುರುಹು ಅಂದರು. ನಿಜ ಹೇಳಬೇಕೆಂದರೆ ಆ ಉತ್ತರ ನಂಗೆ ಪೂರ್ತಿ ಸಮಾಧಾನ ಕೊಟ್ಟಿಲ್ಲ, ಯಾಕಂದ್ರೆ ಕುರುಹಿಗೇ ಬೆಳ್ಳಿ ಬಂಗಾರ ಹೊದಿಸಿ ಅದನ್ನೇ ದೊಡ್ಡದು ಮಾಡುವವರು ನಮ್ಮಲ್ಲೇ ಬೇಕಾದಷ್ಟು ಜನ ಇದ್ದಾರೆ. ಆದರೆ ಅಜ್ಜಿಯನ್ನು ಕಣ್ಣಾರೆ ನೋಡಿದ್ದೇನೆ. ಮುಖ ಮಾರಿದ ಮೇಲೂ ಮೋಟಾರಿಗೆ ದುಡ್ಡು ಕಡಿಮೆ ಬಿತ್ತು. ಎರಡು ದಿನ ಬಿಟ್ಟು ಅವಳು ಲಿಂಗ ಇಡುವ ಕೊರಳಿನ ಬೆಳ್ಳಿ ಕರಡಿಗೆ ತಾನೇ ಬಿಚ್ಚಿದಳು, ಲಿಂಗವನ್ನು ಬಿಳಿ ಬಟ್ಟೆಯ ತುಂಡಿನಲ್ಲಿ ಗಂಟು ಹಾಕಿ ಶಿವದಾರಕ್ಕೆ ಕಟ್ಟಿಕೊಂಡಳು, ಬರಿದಾದ ಕರಡಿಗೆಯನ್ನು ಅಪ್ಪನ ಕೈಗಿಟ್ಟಳು. ಅಪ್ಪ ಬೇಡ ಅಂದರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಹಿಡಿದು, ಎಂದಿನಷ್ಟೇ ಹೊತ್ತು ಕೂತಿದ್ದಳು. ಜಗಲಿಯಲ್ಲಿ ಮುಖ ಇದ್ದ ಜಾಗದಲ್ಲಿ ದುಂಡಗಿನ ಗುರುತು ಮಾತ್ರ ಇತ್ತು, ಅತ್ತ ಅವಳು ನೋಡಲೂ ಇಲ್ಲ.

ಜನವರಿಯಲ್ಲಿ ಗವಿಮಠದ ಜಾತ್ರೆ ಬಂತು. ದಾಸೋಹಕ್ಕೆ ಊರೂರಿಂದ ಜೋಳದ ರೊಟ್ಟಿ ಹೋಗುತ್ತಲ್ಲ, ನಮ್ಮ ಮನೆಯಿಂದ ಪ್ರತಿ ವರ್ಷ ನೂರು. ಆ ಸಲ ಜೋಳವೇ ಇಲ್ಲ. ಈ ವರ್ಷ ಬಿಟ್ಟುಬಿಡು ಯವ್ವಾ ಅಂತ ಅಪ್ಪ ಹೇಳಿದ್ರೂ ಅವಳು ಒಲೆ ಹಚ್ಚಿದಳು. ನಡುರಾತ್ರಿ ಎಚ್ಚರವಾದಾಗ ಇನ್ನೂ ರೊಟ್ಟಿ ಬಡಿಯುವ ಸದ್ದು. ಮುಂದಕ್ಕೆ ಬಾಗಿ ಬಡಿಯುವಾಗ ಕೊರಳಿನ ಬಟ್ಟೆ ಗಂಟು ಹಿಟ್ಟಿನ ಕೊಣಮಿಗೆಗೆ ತಾಗಿ ತಾಗಿ ಹಿಟ್ಟಾಗಿತ್ತು. ಎಷ್ಟಾದ್ವು ಅಂತ ಕೇಳಿದೆ. 'ನಲವತ್ತ. ಎಣಸಬ್ಯಾಡ, ಮಕ್ಕೊ' ಅಂದಳು.