ನಾಜ಼್ ಪದದ ಜಾಡು: ಪಟ್ಟಿ ಎಲ್ಲಿಗೆ ಬಂತು

ಪಾರಸಿಯ 'ನಾಜ಼್' ಯಾವ ಭಾಷೆಗೆ ಹೋಯಿತು, ಹೋದಲ್ಲಿ ಏನಾಯಿತು ಎಂದು ಕಲೆಹಾಕುತ್ತಿರುವ ಪಟ್ಟಿಯ ಮುಂದುವರಿದ ಕೆಲಸ ಇದು. ಚುಕ್ಕಿ ಹಾಕಿದ ಜ಼ ಎಂದರೆ ಜ಼ೀಬ್ರಾದ ಜ಼.

ಮೊದಲು ಅರ್ಥದ ಕಾಲಂ ಸರಿಹೋಯಿತು. 'ಲಜ್ಜೆ' ಎಂದು ಹಾಕಿದ್ದನ್ನು ಅಳಿಸಿದ್ದಾಗಿದೆ, ಏಕೆಂದರೆ ಲಜ್ಜೆಯಲ್ಲಿ ಆಟವಿಲ್ಲ. ನಾಜ಼್ ಎಂದರೆ ಮನಸ್ಸಿದ್ದೂ ಒಲ್ಲೆ ಎನ್ನುವುದು. ಇರಾನಿನ ಮದುವೆಯಲ್ಲಿ ಒಪ್ಪಿಗೆ ಕೇಳಿದಾಗ ವಧು ಮೊದಲೆರಡು ಸಲ ಸುಮ್ಮನಿರುತ್ತಾಳೆ. 'ಹೂ ಕೀಳಲು ಹೋಗಿದ್ದಾಳೆ' ಎಂದು ಸುತ್ತಲಿದ್ದವರು ಹೇಳುತ್ತಾರೆ. ಮೂರನೇ ಸಲಕ್ಕೆ 'ಬಲೆ', ಅಂದರೆ ಹೂಂ. ಕನ್ನಡದಲ್ಲಿ ಬಿನ್ನಾಣ ಹತ್ತಿರ, ಬಿಂಕ ಇನ್ನೂ ಹತ್ತಿರ. ಬಿಂಕದಲ್ಲಿರುವ ಹಾಗೆ ನಾಜ಼್‌ನಲ್ಲೂ ಹೆಮ್ಮೆಯ ಎಳೆಯೊಂದಿದೆ: ಪಾರಸಿಯ 'ನಾಜ಼ೀದನ್' ಎಂಬ ಕ್ರಿಯಾಪದಕ್ಕೆ ಹೆಮ್ಮೆಪಡು ಎಂದೇ ಅರ್ಥ. ಉರ್ದುವಿನ 'ತುಮ್ ಪರ್ ನಾಜ಼್ ಹೈ' (ನಿನ್ನ ಬಗ್ಗೆ ಹೆಮ್ಮೆಯಿದೆ) ಭಾರತದಲ್ಲಿ ಹುಟ್ಟಿದ ಅರ್ಥವೆಂದು ಹೇಳುವವರು ಈ ಕ್ರಿಯಾಪದವನ್ನು ಗಮನಿಸಿಲ್ಲ.

ಹೆಚ್ಚು ಹೊತ್ತು ತಿಂದದ್ದು ಹುಡುಕಾಟ. ಪಾರಸಿಯಲ್ಲಿ ಜ಼ ಎಂದು ಓದುವ ಅಕ್ಷರಗಳು ನಾಲ್ಕು. ನಾಜ಼್‌ನಲ್ಲಿರುವುದು 'ಜ಼ೆ' (ಕಂಪ್ಯೂಟರಿನಲ್ಲಿ ಅಕ್ಷರಕ್ಕೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ 0632). ದೃಷ್ಟಿ ಎಂಬರ್ಥದ 'ನಜ಼ರ್', ಮೇಲ್ವಿಚಾರಕ ಎಂಬರ್ಥದ 'ನಾಜ಼ಿರ್' ಅರಬ್ಬಿ ಪದಗಳು. ಅವುಗಳ ಅಕ್ಷರವೇ ಬೇರೆ (0638), ಹಾಗಾಗಿ ತಾವಾಗಿಯೇ ಹೊರಗುಳಿಯುತ್ತವೆ. ಆದರೆ ನಾಜ಼್ ಬರೆಯುವ ಮೂರು ಪಾರಸಿ ಅಕ್ಷರಗಳನ್ನಷ್ಟೇ ಕೊಟ್ಟು ಹುಡುಕಿದರೆ 'ಜನಾಜ಼ಾ' (ಶವದ ಚಟ್ಟ), 'ಮನಾಜ಼ಿಲ್' (ತಂಗುದಾಣಗಳು), 'ತನಾಜ಼ು' (ಜಗಳ) ಎಲ್ಲ ಬಂದು ಬೀಳುತ್ತವೆ. ಬಿಂಕದ ಪಟ್ಟಿಗೆ ಚಟ್ಟ ಬಂದು ಸೇರಿದರೆ ಹೇಗೆ! ಪದದ ಮೊದಲಲ್ಲಿ ಅಥವಾ ಕೊನೆಯಲ್ಲಿ ಮಾತ್ರ ಹುಡುಕುವಂತೆ ಬದಲಿಸಿದ ಮೇಲೆ ಇವು ಹೋದವು. ಶಹನಾಜ಼್, ಗುಲ್ನಾಜ಼್ ಉಳಿದವು. 'ಇಳಿದ' ಎಂಬರ್ಥದ 'ನಾಜ಼ಿಲ್' ಥರದವನ್ನು ಕೈಯಿಂದಲೇ ತೆಗೆಯಬೇಕು.

ಇನ್ನೊಂದು ಕಾಟ ಕ ಅಕ್ಷರದ್ದು. 'ನಾಜ಼ುಕ್' ಪದವನ್ನು ಕೆಲವು ಕಡತಗಳಲ್ಲಿ ಅರಬ್ಬಿ ಕಾಫ್ (0643) ಹಾಕಿ, ಕೆಲವದರಲ್ಲಿ ಪಾರಸಿ ಕಾಫ್ (06ಎ9) ಹಾಕಿ ಟೈಪ್ ಮಾಡಿರುತ್ತಾರೆ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕುವ ಮೊದಲೇ ಎಲ್ಲವನ್ನೂ 06ಎ9ಕ್ಕೆ ತಿರುಗಿಸಿಕೊಳ್ಳಬೇಕು.

ಟರ್ಕಿ ಭಾಷೆಯಲ್ಲಿ ಈ ಅಕ್ಷರಭೇದದ ಆಸರೆಯೇ ಇಲ್ಲ. ಲ್ಯಾಟಿನ್ ಲಿಪಿಗೆ ಬಂದ ಮೇಲೆ ನಾಜ಼್, ನಜ಼ರ್ ಎರಡಕ್ಕೂ ಒಂದೇ ಜ಼. 1890ರ ರೆಡ್‌ಹೌಸ್ ನಿಘಂಟು ಹಳೆಯ ಅರಬ್ಬಿ ಲಿಪಿಯಲ್ಲೂ ಪದ ಕೊಡುತ್ತದೆ. ಟರ್ಕಿಯ ಪ್ರತಿ ಸಾಲನ್ನೂ ಅದರಲ್ಲಿ ತಾಳೆ ನೋಡಿಯೇ ಸೇರಿಸುವುದು. ಉರ್ದುವಿಗೆ 1884ರ ಪ್ಲ್ಯಾಟ್ಸ್ ನಿಘಂಟು ಸಾಕು. ಪಾರಸಿ ಮೂಲದ್ದಕ್ಕೆ 'ಪಿ', ಅರಬ್ಬಿಯದ್ದಕ್ಕೆ 'ಎ' ಎಂದು ಅದರಲ್ಲಿ ಗುರುತಿದೆ.

ಕ್ರಿಯಾಪದಕ್ಕೆ ಬೇರೆ ಕಾಲಂ ಮಾಡಿದ್ದು ಒಳ್ಳೆಯದಾಯಿತು. ಒಬ್ಬರ ಬಿಂಕ ಸಹಿಸುವುದಕ್ಕೆ ಪಾರಸಿಯಲ್ಲಿ ನಾಜ಼್ 'ಎಳೆಯುತ್ತಾರೆ' (ಕಶೀದನ್). ಟರ್ಕಿಯವರ 'ಚೆಕ್ಮೆಕ್' ಕೂಡ ಎಳೆಯುವುದೇ. ಉರ್ದುವಿನವರು 'ಎತ್ತುತ್ತಾರೆ' (ನಾಜ಼್ ಉಠಾನಾ). ಅದೂ ಸ್ವಂತದ್ದಲ್ಲ, ಪಾರಸಿಯ 'ನಾಜ಼್‌ಬರ್ದಾರಿ'ಯಲ್ಲಿ ಎತ್ತುವುದು ಆಗಲೇ ಇದೆ. ಎಷ್ಟು ಎಳೆದರೂ ಮಿತಿಯಿದೆ ಎಂದು ಟರ್ಕಿಯ ಗಾದೆ: ಬಿಂಕ ಹೆಚ್ಚಾದರೆ ಪ್ರೇಮಿಗೂ ಬೇಸರ.

ಈ ಸಲದ ಮುಖ್ಯ ಫಲ ನಾಜ಼ುಕ್‌ನದು. ಪಾರಸಿಯ ಹಳೆಯ ರೂಪವಾದ ಪಹ್ಲವಿಯಲ್ಲೇ ಇದ್ದ, ನಾಜ಼್‌ನ ಒಕ್ಕಲಿಗೇ ಸೇರಿದ ಪದ; ಅರ್ಥ ಕೋಮಲ. ಪಾರಸಿ ಬರಹದಲ್ಲಿ ಹ್ರಸ್ವಸ್ವರ ಕಾಣದು, ಹಾಗಾಗಿ ದಾರಿ ತಿಳಿಯಲು ಕಡ ಪಡೆದ ಭಾಷೆಯ ಉಚ್ಚಾರವನ್ನೇ ಕೇಳಬೇಕು. ಎರಡನೇ ಸ್ವರ 'ಇ' ಆಗಿದ್ದರೆ ಒಂದು ಗುಂಪು: ಟರ್ಕಿಯ ನಾಜ಼ಿಕ್ (ವಿನಯವಂತ), ಅಜ಼ರ್ಬೈಜಾನಿಯ ನಾಜ಼ಿಕ್ (ತೆಳ್ಳಗಿನ), ಉಜ಼್ಬೆಕಿನ ನೋಜ಼ಿಕ್. 'ಉ' ಆಗಿದ್ದರೆ ನಮ್ಮ ಕಡೆಯದು: ಉರ್ದು ನಾಜ಼ುಕ್, ಬಂಗಾಳಿ ನಾಜುಕ್, ಮರಾಠಿ ನಾಜೂಕ್, ತೆಲುಗು ಮತ್ತು ಕನ್ನಡದ ನಾಜೂಕು, ತಮಿಳಿನ ನಾಸೂಕ್ಕು. ಅರ್ಥ ನೋಡಿ ಗುಂಪು ಮಾಡಿದರೆ ಎಡವುತ್ತೇವೆ: ತಮಿಳಿನಲ್ಲಿ ಇದು ಜಾಣತನದ ಸೂಕ್ಷ್ಮ ನಡೆ, ಟರ್ಕಿಯ ವಿನಯಕ್ಕೆ ನೆರೆಯಂತೆ ಕಾಣುತ್ತದೆ. ಸ್ವರ ಮಾತ್ರ ಬೇರೆ ದಾರಿ ತೋರಿಸುತ್ತದೆ.

ಕನ್ನಡದ ದೀರ್ಘ 'ಜೂ' ತಪ್ಪಲ್ಲ. ಮರಾಠಿಯಲ್ಲೂ ದೀರ್ಘವೇ, ಮಾಲಿಕ್ ನಮ್ಮಲ್ಲಿ ಮಾಲೀಕ ಆದದ್ದೂ ಹೀಗೇ. ಕೊನೆಯ ಉಕಾರ ನಮ್ಮದು. ನಾಜೂಕಯ್ಯನಂಥ ಕುಹಕದ ಹೆಸರು ಬೇರೆ ಯಾವ ಸಾಲಿನಲ್ಲೂ ಸಿಕ್ಕಿಲ್ಲ. ಕನ್ನಡವು ನಾಜೂಕೆಂಬ ಕೂಸನ್ನು ಕರೆದುಕೊಂಡಿತು, ತಾಯಿ ನಾಜ಼್ ಹೆಸರುಗಳಲ್ಲಿ ಮಾತ್ರ ಉಳಿದಳು. ಬಿಂಕ, ವಯ್ಯಾರ, ಒನಪು ಇದ್ದ ಮನೆಯಲ್ಲಿ ಅವಳಿಗೆ ಜಾಗವೆಲ್ಲಿ?

ಪಶ್ಚಿಮದ ಸಾಲುಗಳು ಬೇಗ ಮುಗಿದವು. ರೊಮೇನಿಯನ್ನಿನ 'ನಾಜ಼ುರಿ' ಬಹುವಚನ. ಅದು ಬೇಡ ಇದು ಬೇಡ ಎಂದು ತಕರಾರು ತೆಗೆಯುವವರಿಗೆ ಹೇಳುವುದು. ಗ್ರೀಕಿನಲ್ಲಿ 'ನಾಜ಼ಿ' ಬಿನ್ನಾಣ, ಜಾರ್ಜಿಯನ್ನಿನಲ್ಲಿ 'ನಾಜ಼ಿ' ಮೃದು. ಎರಡರಲ್ಲೂ ಕೊನೆಯ 'ಇ' ಆಯಾ ಭಾಷೆಯ ಪ್ರತ್ಯಯ, ಒಂದರಿಂದ ಒಂದು ಪಡೆದದ್ದಲ್ಲ. ಇವನ್ನು ಲ್ಯಾಟಿನ್ ಅಕ್ಷರದಲ್ಲಿ ಹುಡುಕಿದರೆ ಹಿಟ್ಲರನ ಪಕ್ಷವೇ ಪುಟಗಟ್ಟಲೆ ಬರುತ್ತದೆ. ಗ್ರೀಕ್, ಜಾರ್ಜಿಯನ್ ಲಿಪಿಗಳಲ್ಲೇ ಹಾಕಬೇಕು; ಗ್ರೀಕಿನಲ್ಲಿ ಆ ಪಕ್ಷದ ಹೆಸರಿಗೂ ಅಕ್ಷರಗಳು ಅವೇ, ಒತ್ತಿನ ಗುರುತಿನ ಜಾಗ ಮಾತ್ರ ಬೇರೆ, ಹಾಗಾಗಿ ಗುರುತನ್ನೂ ಸೇರಿಸಿಯೇ ಹುಡುಕಬೇಕು. ಪಾರಸಿಯಲ್ಲಿ ಆ ಉಪಾಯವೂ ನಡೆಯದು: 'ನಾಜ಼ಿ' ಎಂಬ ಹುಡುಗಿಯ ಹೆಸರಿಗೂ ಆ ಪಕ್ಷಕ್ಕೂ ಅಲ್ಲಿ ಕಾಗುಣಿತ ಒಂದೇ.