ಹಾಲ್‌ಗೆ ಕಾರ್ಪೆಟ್ಟಾ? ಕಲರ್ ಆಮೇಲೆ, ಮೊದ್ಲು ಎತ್ತೋರ್ಯಾರು ಹೇಳಿ

ಹಾಲ್‌ಗೆ ಒಂದು ಕಾರ್ಪೆಟ್ ತಗೋಬೇಕು ಅಂದ ತಕ್ಷಣ ಎಲ್ರೂ ಶುರು ಮಾಡೋದು ಕಲರಿಂದ. ಸೋಫಾ ಗ್ರೇ, ಕರ್ಟನ್ ಕ್ರೀಮ್, ಹಾಗಾದ್ರೆ ಕೆಳಗಡೆ ಏನ್ ಹಾಕಿದ್ರೆ ಒಪ್ಪುತ್ತೆ ಅಂತ. ನನ್ನ ಕೇಳಿದ್ರೆ ಅದು ಕಟ್ಟಕಡೆಗೆ ಬರ್ಬೇಕಾದ ಪ್ರಶ್ನೆ. ಮೊದ್ಲು ತೀರ್ಮಾನ ಆಗ್ಬೇಕಾಗಿರೋದು ಇದನ್ನ ದಿನಾ ಎತ್ತೋರು ಯಾರು, ತೊಳೆಯೋದು ಎಲ್ಲಿ, ಒಣಗ್ಸೋದು ಎಲ್ಲಿ. ಯಾಕಂದ್ರೆ ನಮ್ಮ ಕಡೆ ಮನೇಲಿ ನೆಲ ಅಂದ್ರೆ ದಿನಾ ಗುಡಿಸ್ಬೇಕು, ದಿನಾ ಬಕೆಟ್ ನೀರಲ್ಲಿ ಒರೆಸ್ಬೇಕು, ಬರಿಗಾಲಲ್ಲಿ ಓಡಾಡ್ಬೇಕು, ನೆಂಟರು ಜಾಸ್ತಿ ಬಂದ್ರೆ ಅಲ್ಲೇ ಸಾಲಾಗಿ ಕೂತು ಊಟ ಮಾಡ್ಬೇಕು, ರಾತ್ರಿ ಅಲ್ಲೇ ಹಾಸಿಗೆ ಹಾಸ್ಬೇಕು. ನೆಟ್ಟಲ್ಲಿ ಸಿಗೋ ಸಲಹೆ ಬರೆದಿರೋರು ಬಹಳಷ್ಟು ಜನ ಚಳಿ ದೇಶದವರು, ಮರದ ನೆಲ, ವಾರಕ್ಕೊಂದ್ಸಲ ವ್ಯಾಕ್ಯೂಮ್ ಮಾಡಿದ್ರೆ ಮುಗೀತು. ಅವರ ಲೆಕ್ಕ ಅವರಿಗೆ ಸರಿ, ನಮಗೆ ಅರ್ಧ ಮಾತ್ರ ಉಪಯೋಗ.

ನಾವು ಒಂದು ದಪ್ಪ ಉಣ್ಣೆ ಕಾರ್ಪೆಟ್ ಮನೆಗೆ ತಂದು ಹಾಸಿ ನೋಡಿದ್ವಿ (ಅಂಗಡಿಯವರು ಎರಡು ದಿನ ಇಟ್ಕೊಂಡು ನೋಡಿ ಅಂದಿದ್ರು, ಹಾಗೆ ಕೊಡೋ ಅಂಗಡಿ ಇದ್ರೆ ಖಂಡಿತ ಕೇಳಿ ತಗೊಂಡ್ಬನ್ನಿ). ಕೆಲಸಕ್ಕೆ ಬರೋ ಅಕ್ಕ ಪೊರಕೆ ಹಿಡ್ಕೊಂಡು ಅದರ ಮುಂದೆ ಒಂದು ನಿಮಿಷ ನಿಂತು ನೋಡಿ, "ಅಕ್ಕಾ, ಇದನ್ನ ಎತ್ತಿ ಒರೆಸ್ಬೇಕಾ, ಇಲ್ಲಾ ಸುತ್ತ ಒರೆಸ್ಕೊಂಡು ಹೋದ್ರೆ ಸಾಕಾ, ಈಗ್ಲೇ ಹೇಳ್ಬಿಡಿ" ಅಂದ್ರು. ಅತ್ತೆ ಒಳಗಿಂದಾನೇ "ಎತ್ತದೆ ಇದ್ರೆ ಹೆಂಗಮ್ಮಾ, ಕೆಳಗೆಲ್ಲಾ ಧೂಳು ಕೂರಲ್ವಾ" ಅಂದ್ರು. ಎತ್ತೋಕೆ ಹೋದ್ರೆ ಒಬ್ಬರ ಕೈಲಿ ಆಗ್ತಾ ಇಲ್ಲ. 5 ಬೈ 8 ಅಡಿ ದಪ್ಪ ಉಣ್ಣೇದು ಆರಾಮಾಗಿ 10 ಕೆಜಿ ದಾಟುತ್ತೆ, ಮೇಲಿಂದ ಟೀಪಾಯಿ ಬೇರೆ. ಅಲ್ಲಿಗೆ ಆ ಕಾರ್ಪೆಟ್ಟಿನ ಕಥೆ ಮುಗೀತು, ವಾಪಸ್ ಹೋಯ್ತು.

ಇನ್ನು ಸೈಜು. ಇದರಲ್ಲಿ ಮಾತ್ರ ಹೊರಗಿನವರು ಹೇಳೋದು ನೂರಕ್ಕೆ ನೂರು ನಿಜ, ಚಿಕ್ಕದು ತಗೋಬೇಡಿ. ಸೋಫಾದ ಮುಂದಿನ ಕಾಲಾದ್ರೂ ಅದರ ಮೇಲೆ ಬರ್ಬೇಕು. ಇಲ್ಲಾಂದ್ರೆ ಟೀಪಾಯಿ ಕೆಳಗೆ ಕಾಲೊರೆಸೋ ಮ್ಯಾಟ್ ಬಿದ್ದಿರೋ ಹಾಗೆ ಕಾಣುತ್ತೆ, ದುಡ್ಡು ಕೊಟ್ಟೂ ಹಾಲ್ ಇನ್ನೂ ಚಿಕ್ಕದಾಗಿ ಕಾಣುತ್ತೆ. ಅಂಗಡೀಲಿ ಮಾಮೂಲಾಗಿ ಸಿಗೋ ಅಳತೆ 3 ಬೈ 5, 4 ಬೈ 6, 5 ಬೈ 8, 6 ಬೈ 9, 8 ಬೈ 10, ಆಮೇಲೆ 9 ಬೈ 12. ಅಂಗಡಿಯವರು 5 ಬೈ 8 ಎಲ್ಲರ ಮನೆಗೂ ಆಗುತ್ತೆ ಅಂತಾರೆ, ಆದ್ರೆ ಮೂರು ಜನ ಕೂರೋ ಸೋಫಾನೇ ಸಾಮಾನ್ಯವಾಗಿ ಆರೂವರೆ ಏಳು ಅಡಿ ಇರುತ್ತೆ, L ಶೇಪ್ ಸೋಫಾ ಇದ್ರಂತೂ 5 ಬೈ 8 ಸಾಕಾಗಲ್ಲ.

ಅಳೆಯೋಕೆ ಟೇಪ್ ಹುಡುಕೋದು ಬೇಡ. ಈಗಿನ ಫ್ಲಾಟ್‌ಗಳಲ್ಲಿ ಬಹಳ ಕಡೆ 2 ಬೈ 2 ಅಡಿ ವಿಟ್ರಿಫೈಡ್ ಟೈಲ್ಸ್ ತಾನೇ, ಎಣಿಸಿದ್ರೆ ಆಯ್ತು. 8 ಬೈ 10 ಅಂದ್ರೆ ನಾಲ್ಕು ಟೈಲ್ ಅಗಲ ಐದು ಟೈಲ್ ಉದ್ದ, 6 ಬೈ 9 ಅಂದ್ರೆ ಮೂರು ಮತ್ತೆ ನಾಲ್ಕೂವರೆ. ಲೆಕ್ಕ ಹಾಕಿದ್ಮೇಲೂ ಹಳೇ ಪೇಪರ್ ಹಾಸಿ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಹಾಗೇ ಬಿಡಿ, ಎಲ್ಲರೂ ಅದರ ಮೇಲೆ ಓಡಾಡ್ಲಿ. ಆಗ ಗೊತ್ತಾಗುತ್ತೆ ಮುಂಬಾಗಿಲು ಒಳಗಡೆ ತೆಗೆದ್ರೆ ಅಂಚಿಗೆ ತಾಗುತ್ತೆ ಅಂತ, ಬಾಲ್ಕನಿಗೆ ಹೋಗೋ ದಾರಿ ಇದರ ಮಧ್ಯೆ ಹಾದು ಹೋಗುತ್ತೆ ಅಂತ, ಡೈನಿಂಗ್ ಟೇಬಲ್ ಕುರ್ಚಿ ಹಿಂದೆ ಎಳೆದ್ರೆ ಒಂದು ಕಾಲು ಇದರ ಮೇಲೆ ಬಂದು ಕೂರುತ್ತೆ ಅಂತ. ನಮ್ಮನೇಲಿ ಬಾಗಿಲ ಕೆಳಗೆ ಇರೋ ಸಂದಿ ಬೆರಳು ದಪ್ಪ ಕೂಡ ಇಲ್ಲ, ದಪ್ಪ ಕಾರ್ಪೆಟ್ ಬೇಡ ಅನ್ನೋಕೆ ಅದೂ ಒಂದು ಕಾರಣ ಆಯ್ತು.

ಅಂಗಡಿಗೆ ಹೋದ್ರೆ ಮೇಲಿಂದ ಸವರಿ ನೋಡಿ ಖುಷಿ ಪಡೋದು ಬಿಟ್ಟು ಒಂದು ಮೂಲೆ ಮಡಚಿ ಹಿಂಭಾಗ ನೋಡಿ. ಕೈಯಲ್ಲಿ ಗಂಟು ಹಾಕಿದ್ದಾದ್ರೆ ಮೇಲಿರೋ ಡಿಸೈನ್ ಹಿಂದೇನೂ ಹಾಗೇ ಕಾಣುತ್ತೆ, ಸಣ್ಣ ಸಣ್ಣ ಗಂಟು, ಸಾಲು ಅಲ್ಲಲ್ಲಿ ಸ್ವಲ್ಪ ವಾರೆ. ಕಾಶ್ಮೀರದ್ದು, ಉತ್ತರ ಪ್ರದೇಶದ ಭದೋಹಿಯ ಒಳ್ಳೇ ಮಾಲು ಹೀಗಿರುತ್ತೆ, ಬೆಲೆನೂ ಹಾಗೇ ಇರುತ್ತೆ. ಹಿಂದೆ ಬಟ್ಟೆ ಅಂಟಿಸಿ ಮುಚ್ಚಿದ್ರೆ ಅದು ಟಫ್ಟೆಡ್. ಒಂದು ಗನ್ನಲ್ಲಿ ಬಟ್ಟೆಗೆ ಉಣ್ಣೆ ಚುಚ್ಚಿ ಚುಚ್ಚಿ ತುಂಬ್ಸಿ, ಹಿಂದಿಂದ ಲ್ಯಾಟೆಕ್ಸ್ ಗೋಂದು ಬಳಿದು ಹಿಡಿಸಿರ್ತಾರೆ. ಅದೂ ಮನುಷ್ಯರ ಕೈಯಲ್ಲೇ ಮಾಡೋದು, ಅದಕ್ಕೇ ಸೇಲ್ಸ್‌ನವರು "ಹ್ಯಾಂಡ್‌ಮೇಡ್ ಮೇಡಂ" ಅಂದ್ರೆ ಸುಳ್ಳೂ ಅಲ್ಲ, ಪೂರ್ತಿ ನಿಜಾನೂ ಅಲ್ಲ. ತೊಂದ್ರೆ ಏನಂದ್ರೆ ಆ ಗೋಂದು ಕೆಲವು ವರ್ಷದಲ್ಲಿ ಒಣಗಿ ಪುಡಿ ಆಗುತ್ತೆ, ಕಾರ್ಪೆಟ್ ಎತ್ತಿದಾಗ ಕೆಳಗೆ ಬಿಳಿ ಬಿಳಿ ಹಿಟ್ಟಿನ ಥರ ಧೂಳು, ನೀರು ಸೋಕಿದ್ರೆ ವಾಸನೆ ಬೇರೆ. ದಿನಾ ನೆಲ ಒರೆಸೋ ಮನೇಲಿ ಇದಕ್ಕೆ ಆಯಸ್ಸು ಕಮ್ಮಿ. ಮೆಷಿನ್‌ದಾದ್ರೆ ಹಿಂದೆ ಗೆರೆ ಎಲ್ಲ ನೇರ, ಅಂಚಿನ ಕುಚ್ಚು ಬೇರೆಯಾಗಿ ಹೊಲಿದಿರ್ತಾರೆ, ಕಣ್ಣಿಟ್ಟು ನೋಡಿದ್ರೆ ಹೊಲಿಗೆ ಸಿಗುತ್ತೆ.

ನೂಲು ಯಾವ್ದು ಅನ್ನೋಕೆ ನಮ್ಮನೆಯವರ ಹತ್ರ ಬೆಂಕಿಕಡ್ಡಿ ಪರೀಕ್ಷೆ ಇದೆ. ಅಂಗಡಿಯವರನ್ನ ಕೇಳಿ ಮೇಲಿನ ರೋಮದಿಂದ ಒಂದು ಎಳೆ ಕಿತ್ಕೊಂಡು (ಕುಚ್ಚಿಂದ ಬೇಡ, ಉಣ್ಣೆ ಕಾರ್ಪೆಟ್ಟಲ್ಲೂ ಕುಚ್ಚು ಸಾಮಾನ್ಯವಾಗಿ ಹತ್ತೀದೇ) ಹೊರಗಡೆ ಫುಟ್‌ಪಾತಲ್ಲಿ ನಿಂತು ಸುಡ್ತಾರೆ, ನಾನು ನಾಚಿಕೆ ಪಟ್ಕೊಂಡು ಸ್ವಲ್ಪ ದೂರ ನಿಲ್ತೀನಿ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬಂದು ಬೇಗ ಆರಿಹೋಗುತ್ತೆ, ಪಾಲಿಯೆಸ್ಟರ್ ಪಾಲಿಪ್ರೊಪಿಲೀನ್ ಎಲ್ಲ ಕರಗಿ ಗಟ್ಟಿ ಮಣಿ ಆಗುತ್ತೆ, ಹತ್ತಿ ಮತ್ತೆ ವಿಸ್ಕೋಸ್ ಕಾಗದ ಸುಟ್ಟ ಹಾಗೆ ಉರಿದು ಬೂದಿ. ಈ ವಿಸ್ಕೋಸ್ (ಮರದ ತಿರುಳಿಂದ ಮಾಡೋ ಕೃತಕ ರೇಷ್ಮೆ) ಬಗ್ಗೆ ಹುಷಾರು. 'ಬಾಂಬೂ ಸಿಲ್ಕ್', 'ಆರ್ಟ್ ಸಿಲ್ಕ್' ಅಂತ ಚೀಟಿ ಇದ್ರೆ ಬಹುತೇಕ ಅದೇ. ಹೊಳಪು ನೋಡಿದ್ರೆ ಬಿಡೋಕೆ ಮನಸ್ಸು ಬರಲ್ಲ, ಆದ್ರೆ ಒಂದು ಲೋಟ ನೀರು ಚೆಲ್ಲಿದ್ರೂ ಕಲೆ ಉಳಿಯುತ್ತೆ, ಒದ್ದೆ ಆದ ಜಾಗ ಹಳದಿ ತಿರುಗಿ ಒರಟಾಗುತ್ತೆ. ಮಕ್ಕಳಿರೋ ಮನೆ, ಕಾಫಿ ಕುಡಿಯೋ ಮನೆ, ಎರಡಕ್ಕೂ ಬೇಡ.

ಪಾಲಿಪ್ರೊಪಿಲೀನ್‌ನ ಎಲ್ಲರೂ ಪ್ಲಾಸ್ಟಿಕ್ ಅಂತ ಮೂಗು ಮುರೀತಾರೆ, ನಾನು ಅಷ್ಟು ಬೈಯಲ್ಲ. ಅಗ್ಗ, ನೀರು ಹಿಡಿಯಲ್ಲ, ಸಾಂಬಾರ್ ಚೆಲ್ಲಿದ್ರೂ ಪೈಪ್ ಹಿಡಿದು ತೊಳೀಬಹುದು. ಸೋಫಾ ಕಾಲಿನ ಗುರುತು ಬಿದ್ರೆ ಎದ್ದೇಳಲ್ಲ, ಬೇಸಿಗೇಲಿ ಬರಿಗಾಲಿಗೆ ಚೂರು ಕಿರಿಕಿರಿ, ಅಷ್ಟೇ. ಬಾಡಿಗೆ ಮನೆ, ಎರಡು ವರ್ಷದ ಮಗು ಅಂದ್ರೆ ಅದನ್ನೇ ತಗೊಳ್ಳಿ, ಯಾರಿಗೂ ಸಮಜಾಯಿಷಿ ಕೊಡೋ ಅಗತ್ಯ ಇಲ್ಲ. ಸೆಣಬಿಂದು ಫೋಟೋದಲ್ಲಿ ಚೆಂದ, ಬರಿಗಾಲಿಗೆ ಒರಟು, ಮಂಗಳೂರು ಉಡುಪಿ ಕಡೆ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯೋ ಚಾನ್ಸ್ ಜಾಸ್ತಿ. ಉಣ್ಣೆ ನಿಜಕ್ಕೂ ಒಳ್ಳೇದು, ಧೂಳು ಕೊಡವಿದ್ರೆ ಹೋಗುತ್ತೆ, ತುಳಿದ್ರೂ ಎದ್ದೇಳುತ್ತೆ, ಆದ್ರೆ ನುಸಿ ಹುಳ ಬೀಳದ ಹಾಗೆ ನೋಡ್ಕೋಬೇಕು, ಸೋಫಾ ಕೆಳಗೆ ಕತ್ತಲಲ್ಲಿ ಉಳಿಯೋ ಭಾಗಾನೇ ಮೊದ್ಲು ಹೋಗೋದು. ಉಣ್ಣೇದು ಬೇಕೇಬೇಕು ಅನ್ನೋರು ಬೈಲಕುಪ್ಪೆ ಕಡೆ ಹೋದಾಗ ಟಿಬೆಟಿಯನ್ನರು ಕೈಯಲ್ಲಿ ನೇಯೋ ಕಾರ್ಪೆಟ್ ನೋಡಿ, 3 ಬೈ 6ರದ್ದು ಅವರ ಹಳೇ ಅಳತೆ, ಹಾಲ್‌ಗಲ್ಲದಿದ್ರೂ ದಿವಾನದ ಮೇಲೆ, ಕಿಟಕಿ ಪಕ್ಕ ಹಾಸೋಕೆ ಸೊಗಸಾಗಿರುತ್ತೆ. ಇನ್ನೊಂದು ಮಾತು, ಕೈಮಗ್ಗದ ಕಾರ್ಪೆಟ್ ಅಂದ್ರೆ ಮಕ್ಕಳ ದುಡಿಮೆ ವಿಷಯ ಬರ್ದೇ ಇರಲ್ಲ. ಕೈಲಾಶ್ ಸತ್ಯಾರ್ಥಿ ಅವರು ಹೋರಾಡಿ 1994ರಲ್ಲಿ ಶುರುವಾದ, ಮಕ್ಕಳ ಕೈಲಿ ಮಾಡಿಸಿಲ್ಲ ಅನ್ನೋ ರಗ್‌ಮಾರ್ಕ್ ಚೀಟಿ ಈಗ ಗುಡ್‌ವೀವ್ ಅನ್ನೋ ಹೆಸರಲ್ಲಿದೆ. ಅದು ಇದೆಯಾ ಅಂತ ಅಂಗಡೀಲಿ ಒಂದ್ಸಲ ಕೇಳಿ.

ಇಷ್ಟೆಲ್ಲ ತಿರುಗಿ ನಾವು ಕೊನೆಗೆ ಬಂದು ನಿಂತಿದ್ದು ಜಮಖಾನದ ಹತ್ರ. ದೊಡ್ಡ ಸೈಜೂ ಬೇಕು, ಎತ್ತೋಕೂ ಆಗ್ಬೇಕು ಅಂದ್ರೆ ಹತ್ತಿ ಜಮಖಾನ ಬಿಟ್ಟು ನನಗೆ ಬೇರೆ ದಾರಿ ಕಾಣ್ಲಿಲ್ಲ. ರೋಮ ಇಲ್ಲ, ಎರಡೂ ಕಡೆ ಒಂದೇ ಡಿಸೈನ್, ಒಂದು ಕಡೆ ಕೊಳೆ ಆದ್ರೆ ಮಗುಚಿ ಹಾಕಿ ಇನ್ನಷ್ಟು ದಿನ ತಳ್ಳಬಹುದು. ನೆಂಟರು ಬಂದ್ರೆ ಕೂರೋಕೆ, ಗೌರಿ ಗಣೇಶ ಹಬ್ಬಕ್ಕೆ ಮಂಟಪ ಕಟ್ಟೋವಾಗ ಸುತ್ತಿ ಅಟ್ಟಕ್ಕೆ ಹಾಕೋಕೆ, ಬಾಗಿಲಿಗೆ ಅಡ್ಡ ಬರ್ದೇ ಇರೋಕೆ, ಎಲ್ಲಕ್ಕೂ ಆಗುತ್ತೆ.

ನಮ್ಮಲ್ಲಿ ಜಮಖಾನ ಅಂದ್ರೆ ನವಲಗುಂದದ್ದೇ. ಧಾರವಾಡ ಜಿಲ್ಲೆ, ಹುಬ್ಬಳ್ಳಿಯಿಂದ ದೂರ ಏನಿಲ್ಲ, ರೈತ ಬಂಡಾಯದ ಕಾರಣಕ್ಕೆ ಊರಿನ ಹೆಸರು ಎಲ್ಲರೂ ಕೇಳಿರ್ತೀರ. ಅಲ್ಲಿ ನೇಯೋರು ಹೆಂಗಸರು. ಮಗ್ಗ ಗೋಡೆಗೆ ನಿಲ್ಲಿಸಿದ ಹಾಗೆ ನೆಟ್ಟಗಿರುತ್ತೆ, ಅದರ ಮುಂದೆ ಕೂತು ಬಣ್ಣದ ನೂಲನ್ನ ಕೈಯಲ್ಲೇ ಎಳೆ ಎಳೆಯಾಗಿ ಹಾಕ್ತಾ, ಪಂಜದ ಥರದ ಕಬ್ಬಿಣದ ಬಾಚಣಿಗೆಯಿಂದ ಕುಟ್ಟಿ ಕುಟ್ಟಿ ಕೂರಿಸ್ತಾರೆ. ಕುಟ್ಟಿದ್ದು ಬಿಗಿ ಆದಷ್ಟೂ ಜಮಖಾನ ಗಟ್ಟಿ, ಕೆಳಗಿನ ಹಾಸುನೂಲು ಕಾಣ್ಬಾರ್ದು. ನವಿಲು, ಪಗಡೆ ಹಾಸು, ಮೂಲೆ ಮೂಲೆ ಗೆರೆಗಳು, ಕೆಂಪು ಹಳದಿ ಹಸಿರು ಕಪ್ಪು ಎಲ್ಲ ಜೋರಾಗೇ ಇರುತ್ತೆ. ಈ ಕಲೆ ಮೂಲದಲ್ಲಿ ಬಿಜಾಪುರದ ಆದಿಲ್‌ಶಾಹಿ ಕಾಲದ್ದು, ನೇಕಾರರು ಅಲ್ಲಿಂದ ಬಂದು ನೆಲೆ ನಿಂತವರು ಅಂತ ಅಲ್ಲಿನವರು ಹೇಳ್ತಾರೆ. ಜಿಐ ಟ್ಯಾಗ್ (ಇದು ಆ ಊರಿನದ್ದೇ ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ, ಆದ್ರೆ ನೇಯೋ ಕೈಗಳು ಮಾತ್ರ ಬಹಳ ಕಮ್ಮಿ ಆಗಿವೆ, ದಿನಗಟ್ಟಲೆ ಕೂತು ನೇಯ್ದ್ರೂ ಕೂಲಿ ಗಿಟ್ಟಲ್ಲ ಅಂದ್ರೆ ಯಾರ್ ತಾನೇ ಮುಂದುವರೆಸ್ತಾರೆ. ಅದಕ್ಕೇ ಬೆಲೆ ಕೇಳಿ "ಜಮಖಾನಕ್ಕೆ ಇಷ್ಟಾ" ಅಂತ ಚೌಕಾಸಿಗೆ ಇಳೀಬೇಡಿ. ಬೆಂಗಳೂರಲ್ಲಿರೋರು ಕಾವೇರಿ ಎಂಪೋರಿಯಂನಲ್ಲಿ ವಿಚಾರಿಸಿ. ಹಾಲ್ ಪೂರ್ತಿ ತುಂಬೋ ಅಳತೆ ಕಟ್ಟಿಟ್ಟ ಮಾಲಲ್ಲಿ ಸಿಗೋದು ಕಷ್ಟ, ಹೇಳಿ ಮಾಡಿಸ್ಬೇಕು, ಕಾಯ್ಬೇಕು. ಕಾಯೋಕಾಗಲ್ಲ ಅಂದ್ರೆ ತಮಿಳುನಾಡಿನ ಭವಾನಿ ಜಮಕ್ಕಾಳಂ ಇದೆ, ಈರೋಡ್ ಹತ್ರದ್ದು, ಅಗಲ ಅಗಲ ಬಣ್ಣದ ಪಟ್ಟೆ. ತೆಲಂಗಾಣದ ವರಂಗಲ್ ದರಿನೂ (ಅದೂ ಜಮಖಾನಾನೇ) ಚೆನ್ನಾಗಿರುತ್ತೆ.

ಜಮಖಾನಕ್ಕೆ ತೊಂದ್ರೆ ಇಲ್ವೇ ಇಲ್ಲ ಅಂತಲ್ಲ. ನುಣುಪು ಟೈಲ್ಸ್ ಮೇಲೆ ಜಾರುತ್ತೆ, ವಯಸ್ಸಾದವರಿದ್ರೆ ಇದು ತಮಾಷೆ ವಿಷಯ ಅಲ್ಲ. ಕೆಳಗೆ ರಬ್ಬರಿನ ಆಂಟಿ ಸ್ಕಿಡ್ ಜಾಲರಿ ಹಾಸಲೇಬೇಕು, ಜಮಖಾನಕ್ಕಿಂತ ಎಲ್ಲಾ ಕಡೆ ಎರಡು ಇಂಚು ಚಿಕ್ಕದಾಗಿ ಕತ್ತರಿಸಿ. ಅಗ್ಗದ ಪಿವಿಸಿ ಜಾಲರಿ ಬೇಸಿಗೇಲಿ ನೆಲಕ್ಕೆ ಅಂಟ್ಕೊಂಡು ಗುರುತು ಬಿಡುತ್ತೆ, ಅದನ್ನೂ ಆಗಾಗ ಎತ್ತಿ ಒರೆಸಿ. ಇನ್ನೊಂದು ಬಣ್ಣ ಬಿಡೋದು. ತಗೊಳೋಕ್ಕೆ ಮುಂಚೆ ಬಿಳಿ ಕರ್ಚೀಫ್ ಒದ್ದೆ ಮಾಡಿ ಕೆಂಪು ಭಾಗದ ಮೇಲೆ ಜೋರಾಗಿ ಉಜ್ಜಿ ನೋಡಿ, ಅಂಗಡಿಯವರು ಬೇಡ ಅಂದ್ರೆ ಅಲ್ಲೇ ಉತ್ತರ ಸಿಕ್ಕಂಗೆ. ತೊಳೆಯೋದು ಯುಗಾದಿಗೆ ಮುಂಚೆ, ಬಿಸಿಲು ಗಟ್ಟಿ ಇರೋವಾಗ, ಟೆರೇಸ್ ಮೇಲೆ. ಒದ್ದೆ ಆದ 6 ಬೈ 9 ಜಮಖಾನ ಹಿಂಡೋಕೆ ಇಬ್ರಿಗೂ ಆಗಲ್ಲ, ಹಿಂಡೋಕೆ ಹೋಗ್ಲೇಬೇಡಿ, ಪ್ಯಾರಾಪೆಟ್ ಮೇಲೆ ಇಳಿಬಿಟ್ಟು ನೀರು ತಾನಾಗೇ ಸೋರಿ ಹೋಗೋಕೆ ಬಿಡಿ. ಮಳೆಗಾಲದಲ್ಲಿ ತೊಳೆದ್ರೆ ಮೂರು ದಿನ ಆದ್ರೂ ಮುಗ್ಗು ವಾಸನೆ.

ಈಗ ಕಲರ್. ಬೆಂಗಳೂರು ಧೂಳಿಗೆ ಒಂದೇ ಬಣ್ಣದ ತಿಳಿ ರಗ್ ಬೇಡ, ಪಟ್ಟೆ ಡಿಸೈನ್ ಇದ್ರೆ ಕೊಳೆ ಅಷ್ಟು ಬೇಗ ಎದ್ದು ಕಾಣಲ್ಲ. ನಾವು ತಂದ ಜಮಖಾನ ನೋಡಿ ನಮ್ಮನೆಯವರಿಗೆ ಕೆಂಪು ಜಾಸ್ತಿ ಆಯ್ತು, ಗ್ರೇ ಸೋಫಾಗೆ ಹೊಂದಲ್ಲ ಅನ್ನಿಸಿತ್ತು. ಅತ್ತೆ "ಸೋಫಾನೇ ಹೊಂದ್ಕೊಳ್ಳಿ ಬಿಡು" ಅಂದ್ರು. ಕೆಲಸಕ್ಕೆ ಬರೋ ಅಕ್ಕ ಒಂದು ತುದಿ ಹಿಡಿದು ಎರಡು ಮಡಿಕೆ ಮಡಚಿ ಸೋಫಾ ಮೇಲೆ ಎಸೆದು ಒರೆಸೋಕೆ ಶುರು ಮಾಡಿದ್ರು. ಟೀಪಾಯಿ ಮಾತ್ರ ಈಗ ಬಾಲ್ಕನೀಲಿದೆ, ಯಾರಿಗಾದ್ರೂ ಬೇಕಿದ್ರೆ ಹೇಳಿ, ಗಾಜಿಗೆ ಒಂದೂ ಗೀರು ಬಿದ್ದಿಲ್ಲ.